‘ಒಂದೆರಡು ಕಡೆ ಮಳೆ’ ಅಂದರೆ ಎಷ್ಟು ಕಡೆ?

ಓದುಗರ ಪ್ರಶ್ನೆ – ಬಲ್ಲವರ ಉತ್ತರ

ಈ ಸಲ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಆಕಾಶ ನೋಡಿ ಬರೆದವು. ವಾರದ ಮುನ್ಸೂಚನೆಯನ್ನು ಓದುವುದು ಹೇಗೆ, ತಲೆ ಮೇಲಿನ ಮೋಡವನ್ನು ಓದುವುದು ಹೇಗೆ ಎಂಬ ಎರಡು ಸಂಗತಿಗಳ ಸುತ್ತಲೇ ಪ್ರಶ್ನೆಗಳಿವೆ. ಎರಡೂ ಬೇಕು. ವಾರದ ಕೆಲಸವನ್ನು ಗೊತ್ತು ಮಾಡುವುದು ಮುನ್ಸೂಚನೆ, ಇನ್ನೆರಡು ತಾಸಿನ ಕೆಲಸವನ್ನು ಗೊತ್ತು ಮಾಡುವುದು ಮೋಡ. ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದಾಗಲೇ ಮೋಸವಾಗುವುದು.

ಪ್ರಶ್ನೆ: ಟಿವಿಯಾಗ ‘ಉತ್ತರ ಒಳನಾಡಿನ ಒಂದೆರಡು ಕಡೆ ಹಗುರದಿಂದ ಸಾಧಾರಣ ಮಳೆ’ ಅಂತ ದಿನಾ ಹೇಳ್ತಾರ. ಅದರಾಗ ನಮ್ಮ ಹೊಲಕ್ಕ ಮಳಿ ಬರ್ತದೋ ಇಲ್ಲೋ ಹ್ಯಾಂಗ ತಿಳೀಬೇಕ್ರಿ?
– ತೊಗರಿ ಬೆಳೆಗಾರರು, ಸೇಡಂ

ಉತ್ತರ: ಆ ಮಾತುಗಳು ಬಾಯಿಗೆ ಬಂದಂತೆ ಆಡಿದವಲ್ಲ, ಒಂದೊಂದಕ್ಕೂ ಹವಾಮಾನ ಇಲಾಖೆ ಲೆಕ್ಕ ಕಟ್ಟಿದೆ. ‘ಒಂದೆರಡು ಕಡೆ’ ಅಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ ನೂರಕ್ಕೆ 25ರವರೆಗೆ. ‘ಕೆಲವು ಕಡೆ’ ಅಂದರೆ 26ರಿಂದ 50, ‘ಹಲವು ಕಡೆ’ ಅಂದರೆ 51ರಿಂದ 75, ‘ಬಹುತೇಕ ಎಲ್ಲ ಕಡೆ’ ಅಂದರೆ 76ರಿಂದ ಮೇಲೆ. ಹಾಗಾಗಿ ‘ಒಂದೆರಡು ಕಡೆ’ ಎಂದ ದಿನ ನಾಲ್ಕು ಊರಲ್ಲಿ ಮೂರು ಊರು ಒಣಗಿಯೇ ಉಳಿದರೂ ಮುನ್ಸೂಚನೆ ಸುಳ್ಳಾಗಲಿಲ್ಲ.

ಪ್ರಮಾಣಕ್ಕೂ ಹೀಗೆಯೇ. 24 ತಾಸಿನಲ್ಲಿ 2.5ರಿಂದ 15.5 ಮಿ.ಮೀ. ಬಿದ್ದರೆ ಹಗುರ, 15.6ರಿಂದ 64.4 ಸಾಧಾರಣ, 64.5ರಿಂದ 115.5 ಭಾರಿ, 115.6ರಿಂದ 204.4 ಅತಿ ಭಾರಿ, ಅದರ ಮೇಲೆ ಅತ್ಯಂತ ಭಾರಿ. ‘ಸಾಧಾರಣ’ ಎಂಬ ಪದ ಇಲ್ಲಿ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. 60 ಮಿ.ಮೀ. ಮಳೆಯೂ ಇಲಾಖೆಯ ಲೆಕ್ಕದಲ್ಲಿ ಸಾಧಾರಣವೇ. ಒಂದು ಮಿ.ಮೀ. ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್, ಒಂದು ಎಕರೆಗೆ ಸುಮಾರು 4,047 ಲೀಟರ್. 60 ಮಿ.ಮೀ. ಬಿದ್ದರೆ ಎಕರೆಗೆ ಎರಡು ಲಕ್ಷ ನಲವತ್ತು ಸಾವಿರ ಲೀಟರ್ ಮೀರುತ್ತದೆ. ಕಣದಲ್ಲಿ ರಾಶಿ ಇಟ್ಟವರಿಗೆ ಅದು ಸಾಧಾರಣವಲ್ಲ.

ಆದ್ದರಿಂದ ಮೊದಲು ‘ಎಷ್ಟು ಕಡೆ’ ನೋಡಿ, ಆಮೇಲೆ ‘ಎಷ್ಟು ಮಳೆ’ ನೋಡಿ. ‘ಒಂದೆರಡು ಕಡೆ’ ಎಂದಿದ್ದರೆ ಕೆಲಸ ನಿಲ್ಲಿಸಬೇಡಿ, ತಾಡಪತ್ರಿ ಮಾತ್ರ ಕೈಗೆ ಸಿಗುವಂತೆ ಇಡಿ. ‘ಹಲವು ಕಡೆ’ ಎಂದಿದ್ದರೆ ಕೊಯ್ದ ಬೆಳೆಯನ್ನು ಹೊಲದಲ್ಲಿ ಹರವಬೇಡಿ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಬರೀ ಮಿ.ಮೀ. ಲೆಕ್ಕದವಲ್ಲ. ಆಗಬಹುದಾದ ಹಾನಿ ಎಷ್ಟು, ಆಗುವ ಸಂಭವ ಎಷ್ಟು ಎಂಬ ಎರಡನ್ನೂ ತೂಗಿ ಕೊಡುತ್ತಾರೆ. ಹಳದಿ ಇದ್ದರೆ ಮುಂದಿನ ಸುದ್ದಿಗೆ ಕಿವಿ ಕೊಡುತ್ತಿರಿ, ಕಿತ್ತಳೆ ಇದ್ದರೆ ತಯಾರಾಗಿ, ಕೆಂಪು ಬಂದರೆ ಕಾಯಬೇಡಿ, ಮಾಡಬೇಕಾದ್ದನ್ನು ಕೂಡಲೇ ಮಾಡಿ.

ಪ್ರಶ್ನೆ: ನಮ್ಮ ಪಟ್ಟಣದ ಹುಡುಗರು ಸೇರಿ ಬಸ್ ಸ್ಟ್ಯಾಂಡ್ ಹತ್ತಿರ ಕರಿಹಲಗಿ ಮ್ಯಾಲ ವಾರದ ಹವಾಮಾನ ಬರೀಬೇಕಂತ ಮಾಡೀವಿ. ಏನೇನು ಬರೀಬೇಕು, ಎಲ್ಲಿಂದ ತಗೋಬೇಕು?
– ಯುವಕ ಸಂಘದವರು, ಚಿತ್ತಾಪುರ

ಉತ್ತರ: ಒಳ್ಳೆಯ ಕೆಲಸ, ಸರಿಯಾಗಿ ಮಾಡಿದರೆ ಸಂತೆಗೆ ಬಂದವರೆಲ್ಲ ನಿಂತು ಓದುತ್ತಾರೆ. ಮೂಲವಾಗಿ ಗ್ರಾಮೀಣ ಕೃಷಿ ಮೌಸಮ್ ಸೇವೆಯ ಪತ್ರಿಕೆ ತೆಗೆದುಕೊಳ್ಳಿ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ, ಜಿಲ್ಲೆವಾರು ಮುಂದಿನ ಐದು ದಿನದ ಮುನ್ಸೂಚನೆ ಅದರಲ್ಲಿರುತ್ತದೆ. ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಸಿಗುತ್ತದೆ. ಮಂಗಳವಾರ ಸಂಜೆ ಬರೆದದ್ದನ್ನು ಶುಕ್ರವಾರ ಸಂಜೆ ಪೂರ್ತಿ ಅಳಿಸಿ ಹೊಸದು ಬರೆಯಿರಿ. ಒಂದೇ ಸಲ ಏಳು ದಿನ ಬರೆದು ಬಿಟ್ಟರೆ ಆರನೇ, ಏಳನೇ ದಿನದ ಅಂಕಿಗೆ ಬೆಲೆಯಿಲ್ಲ. ದಿನ ದೂರ ಹೋದಷ್ಟೂ ಮಳೆಯ ಜಾಗ, ಹೊತ್ತು ಎರಡೂ ಸಡಿಲಾಗುತ್ತವೆ.

ಆ ಪತ್ರಿಕೆಯಲ್ಲಿ ಎಂಟು ಅಂಕಣ ಇರುತ್ತವೆ: ಮಳೆ, ಗರಿಷ್ಠ ಉಷ್ಣಾಂಶ, ಕನಿಷ್ಠ ಉಷ್ಣಾಂಶ, ಬೆಳಗಿನ ತೇವಾಂಶ, ಮಧ್ಯಾಹ್ನದ ತೇವಾಂಶ, ಗಾಳಿಯ ವೇಗ, ಗಾಳಿಯ ದಿಕ್ಕು, ಮೋಡ. ಕೊನೆಯ ಎರಡರಲ್ಲಿ ತಪ್ಪು ಜಾಸ್ತಿ. ಗಾಳಿಯ ದಿಕ್ಕು ಡಿಗ್ರಿಯಲ್ಲಿ ಇರುತ್ತದೆ. 90 ಅಂದರೆ ಪೂರ್ವ, 180 ದಕ್ಷಿಣ, 270 ಪಶ್ಚಿಮ. ಅದು ಗಾಳಿ ಬರುವ ದಿಕ್ಕು, ಹೋಗುವ ದಿಕ್ಕಲ್ಲ. ಹಲಗೆಯ ಮೇಲೆ ‘270’ ಎಂದು ಬರೆಯುವ ಬದಲು ‘ಪಡುವಣದಿಂದ’ ಎಂದು ಬರೆದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಮೋಡವನ್ನು ಆಕ್ಟಾ ಎಂಬ ಎಂಟನೇ ಭಾಗದ ಲೆಕ್ಕದಲ್ಲಿ ಹೇಳುತ್ತಾರೆ. ಇಡೀ ಆಕಾಶವನ್ನು ಎಂಟು ಹೋಳು ಮಾಡಿದರೆ ಎಷ್ಟು ಹೋಳು ಮುಚ್ಚಿದೆ ಎಂಬುದೇ ಆ ಅಂಕಿ. 0 ಇದ್ದರೆ ಶುಭ್ರ, 1–2 ಬಹುಪಾಲು ಶುಭ್ರ, 3–4 ಭಾಗಶಃ ಮೋಡ, 5–7 ಮೋಡ ಕವಿದ ವಾತಾವರಣ, 8 ಪೂರ್ತಿ ಮುಚ್ಚಿದ ಆಕಾಶ. ನೀವೇ ನೋಡಿ ಅಳೆಯುವುದಾದರೆ ಆಕಾಶದ ಅಂಚಿಗೆ ಮೋಸ ಹೋಗಬೇಡಿ. ದಿಗಂತದ ಹತ್ತಿರ ಮೋಡದ ಬದಿ ಕಾಣುತ್ತದೆ, ಹಾಗಾಗಿ ನಡುವಿನ ಖಾಲಿ ಜಾಗ ಮುಚ್ಚಿಹೋಗಿ ಇಲ್ಲದಷ್ಟು ಮೋಡ ಇದ್ದಂತೆ ತೋರುತ್ತದೆ.

ಹಲಗೆಯ ಸಾಲು ಹೀಗಿರಲಿ, ಇದು ಮಾದರಿಗೆ ಮಾತ್ರ: ‘ಬುಧವಾರ – ಮಳೆ 5 ಮಿ.ಮೀ. – 33/23 ಡಿಗ್ರಿ – ಗಾಳಿ ಪಡುವಣದಿಂದ, ತಾಸಿಗೆ 14 ಕಿ.ಮೀ. – ಮೋಡ 6/8.’ ಮೇಲ್ಗಡೆ ‘ಕಲಬುರಗಿ ಜಿಲ್ಲೆಗೆ’ ಎಂದೂ, ಪತ್ರಿಕೆ ಹೊರಟ ತಾರೀಕನ್ನೂ ಬರೆಯಲೇಬೇಕು. ‘ಚಿತ್ತಾಪುರದಲ್ಲಿ 5 ಮಿ.ಮೀ.’ ಎಂದು ಬರೆದರೆ ಅದು ಇಲಾಖೆ ಹೇಳದ ಮಾತು. ಕೆಳಗಡೆ ಒಂದು ಸಾಲು ನಿಮ್ಮದೇ ಇರಲಿ: ನಿನ್ನೆ ಬೆಳಗ್ಗೆ 8.30ರಿಂದ ಇವತ್ತು ಬೆಳಗ್ಗೆ 8.30ರವರೆಗೆ ನಿಮ್ಮ ಪಟ್ಟಣದಲ್ಲಿ ಅಳೆದ ಮಳೆ. ಮುನ್ಸೂಚನೆ ಒಂದು ಕಡೆ, ಬಿದ್ದದ್ದು ಇನ್ನೊಂದು ಕಡೆ ಬರೆದ ನೋಟ್‌ಬುಕ್ಕನ್ನು ಒಂದು ಮುಂಗಾರು ಪೂರ್ತಿ ಇಟ್ಟರೆ, ಯಾವ ಬಗೆಯ ಮುನ್ಸೂಚನೆಯನ್ನು ಎಷ್ಟು ನಂಬಬಹುದು ಎಂಬುದು ನಿಮ್ಮೂರಿನ ಲೆಕ್ಕದಲ್ಲೇ ಸಿಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ತಿರುಗುವ ‘ಮಹಾಮಳೆ’ ಸಂದೇಶಗಳನ್ನು ಹಲಗೆಗೆ ಏರಿಸಬೇಡಿ. ಒಂದು ಸಲ ಏರಿಸಿದರೂ ಹಲಗೆಯ ಮೇಲಿನ ನಂಬಿಕೆ ಹೋಗುತ್ತದೆ.

ಪ್ರಶ್ನೆ: ಜುಲೈದಾಗ ದಿನಾ ಕರಿ ಮೋಡ ಓಡ್ತಾವ, ಮಳಿ ಮಾತ್ರ ಬೀಳಂಗಿಲ್ಲ. ಅದೇ ಮೋಡ ಮುಂದ ಹೋಗಿ ಎಲ್ಲಿ ಬೀಳ್ತದ?
– ಓದುಗರು, ಆಳಂದ

ಉತ್ತರ: ಬಹಳಷ್ಟು ಸಲ ಎಲ್ಲಿಯೂ ಬೀಳುವುದಿಲ್ಲ, ಸಂಜೆಗೆ ಕರಗಿ ಹೋಗುತ್ತದೆ.

ಜುಲೈಯಲ್ಲಿ ನಮ್ಮ ಮೇಲೆ ಪಡುವಣದಿಂದ ಮೂಡಣಕ್ಕೆ ಓಡುವವು ಸ್ಟ್ರಾಟೊಕ್ಯುಮುಲಸ್ (ಸಾಲಾಗಿ ಉಂಡೆ ಉಂಡೆಯಾಗಿ ಕಾಣುವ ಕೆಳಮೋಡ) ಮತ್ತು ಚಿಕ್ಕ ರಾಶಿ ಮೋಡಗಳು. ಅರಬ್ಬಿ ಸಮುದ್ರದ ಗಾಳಿ ಸಹ್ಯಾದ್ರಿ ಏರುವಾಗ ತನ್ನ ನೀರಿನ ದೊಡ್ಡ ಪಾಲನ್ನು ಕರಾವಳಿಗೆ, ಮಲೆನಾಡಿಗೆ ಸುರಿದು ಬಿಡುತ್ತದೆ. ಘಟ್ಟ ಇಳಿದು ಬರುವ ಗಾಳಿ ಕಾಯುತ್ತದೆ, ಒಣಗುತ್ತದೆ. ನಾವಿರುವುದು ಆ ಮಳೆ ನೆರಳಿನಲ್ಲಿ. ಹಾಗೆಂದು ಮೋಡ ಆಗದೇ ಇರುವುದಿಲ್ಲ, ಆಗುತ್ತದೆ, ಆದರೆ ದಪ್ಪ ಸಾಲದು. ಮೋಡದ ತಳ ಒಂದು ಕಿಲೋಮೀಟರ್ ಎತ್ತರದಲ್ಲಿ ಇದ್ದರೆ ನೆತ್ತಿ ಎರಡು–ಮೂರು ಕಿಲೋಮೀಟರಿಗೆ ನಿಂತು ಬಿಡುತ್ತದೆ. ಮೋಡದ ಒಂದು ಹನಿ ಮಳೆಹನಿಯಾಗಬೇಕಾದರೆ ಸುಮಾರು ಹತ್ತು ಲಕ್ಷ ಮೋಡದ ಕಣಗಳು ಒಂದಕ್ಕೊಂದು ಕೂಡಬೇಕು. ಅದಕ್ಕೆ ಮೋಡದೊಳಗೆ ಮೇಲೆ ಕೆಳಗೆ ಓಡಾಡಲು ಜಾಗ ಬೇಕು, ಹೊತ್ತು ಬೇಕು. ತೆಳುಮೋಡದಲ್ಲಿ ಎರಡೂ ಇಲ್ಲ. ಹೆಚ್ಚೆಂದರೆ ಜಿಟಿಜಿಟಿ ಹನಿ ಬೀಳುತ್ತದೆ, ಎರೆ ಮಣ್ಣಿನ ಮೇಲ್ಪದರ ಒದ್ದೆಯಾಗುತ್ತದೆ ಅಷ್ಟೆ.

ಕಪ್ಪಾಗಿ ಕಾಣುವುದಕ್ಕೂ ಕಾರಣ ಇದೆ. ಹತ್ತಿರದ ಮೋಡಗಳ ನೆರಳು ಒಂದರ ಮೇಲೊಂದು ಬಿದ್ದರೂ ತಳ ಕಪ್ಪಾಗುತ್ತದೆ. ಬಣ್ಣ ನೋಡಬೇಡಿ, ವೇಗ ಮತ್ತು ಅಂಚು ನೋಡಿ. ಚೂರುಚೂರಾಗಿ, ನಡುನಡುವೆ ನೀಲಿ ಕಾಣುತ್ತಾ, ಒಂದೇ ವೇಗದಲ್ಲಿ ಓಡುತ್ತಿದ್ದರೆ ಕಳೆ ತೆಗೆಯುವ ಕೆಲಸ, ಎಡೆ ಹೊಡೆಯುವ ಕೆಲಸ ಮುಂದುವರಿಸಿ.

ನಮ್ಮ ಕಡೆಯ ದೊಡ್ಡ ಮಳೆಗಳು ಬೇರೆ ದಾರಿಯಲ್ಲಿ ಬರುತ್ತವೆ. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ಆಂಧ್ರ, ತೆಲಂಗಾಣ ದಾಟಿ ಪಶ್ಚಿಮಕ್ಕೆ ಸರಿದಾಗ ಇಡೀ ಆಕಾಶ ಒಂದೇ ಬೂದು ಬಣ್ಣದ ಕಂಬಳಿಯಂತಾಗುತ್ತದೆ, ಸೂರ್ಯ ಎಲ್ಲಿದ್ದಾನೆ ಎಂದೇ ತಿಳಿಯುವುದಿಲ್ಲ. ಅದು ನಿಂಬೊಸ್ಟ್ರಾಟಸ್. ಗುಡುಗಿಲ್ಲದೆ ತಾಸುಗಟ್ಟಲೆ ಸುರಿಯುತ್ತದೆ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಡ ಸೇರಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಹಾದು ಹೋದದ್ದು, ಅದೇ ವಾರ ಭೀಮಾ ಉಕ್ಕಿದ್ದು ಈ ಭಾಗದವರಿಗೆ ನೆನಪಿದ್ದೇ ಇರುತ್ತದೆ. ಕೊಲ್ಲಿಯಲ್ಲಿ ವಾಯುಭಾರ ಕುಸಿತ ಎಂಬ ಸುದ್ದಿ ಬಂದಾಗ ಜುಲೈಯ ಓಡುವ ಮೋಡಕ್ಕಿಂತ ಅದಕ್ಕೆ ಹೆಚ್ಚು ಕಿವಿ ಕೊಡಬೇಕು.

ಪ್ರಶ್ನೆ: ಶಾಲಾ ಪುಸ್ತಕದಾಗ ಹಿಮಕಣ ಮೋಡ, ಪದರು ಮೋಡ, ರಾಶಿ ಮೋಡ ಅಂತ ಅದಾವ. ಹೊರಗ ನಿಂತು ನೋಡಿದ್ರ ಎಲ್ಲಾ ಒಂದೇ ಥರ ಕಾಣ್ತಾವ. ಮಕ್ಕಳಿಗೆ ಹ್ಯಾಂಗ ತೋರಿಸಬೇಕು?
– ಶಿಕ್ಷಕಿ, ಭಾಲ್ಕಿ

ಉತ್ತರ: ಆ ಹೆಸರುಗಳು ಲಂಡನ್ನಿನ ಲ್ಯೂಕ್ ಹೋವಾರ್ಡ್ 1802ರಲ್ಲಿ ಕೊಟ್ಟ ಉಪನ್ಯಾಸದಿಂದ ಬಂದವು. ಈಗ ವಿಶ್ವ ಹವಾಮಾನ ಸಂಸ್ಥೆ ಹತ್ತು ಮುಖ್ಯ ಬಗೆಗಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಮಕ್ಕಳಿಗೆ ಹತ್ತೂ ಹೆಸರು ಬಾಯಿಪಾಠ ಮಾಡಿಸುವ ಮೊದಲು ಮೂರು ಪ್ರಶ್ನೆ ಕೇಳಲು ಕಲಿಸಿ.

ಮೊದಲನೆಯದು: ಗುಡ್ಡೆಯೋ, ಹಾಸೋ, ಎಳೆಯೋ? ಗುಡ್ಡೆ ಇದ್ದರೆ ರಾಶಿ ಮೋಡ, ಅಂದರೆ ಕ್ಯುಮುಲಸ್. ಹಾಸಿದಂತಿದ್ದರೆ ಪದರು ಮೋಡ, ಸ್ಟ್ರಾಟಸ್. ಹಿಂಜಿದ ಹತ್ತಿಯ ಎಳೆಯಂತಿದ್ದರೆ ಹಿಮಕಣ ಮೋಡ, ಸಿರಸ್. ಸಿರಸ್ ಆರು ಕಿಲೋಮೀಟರಿಗೂ ಮೇಲೆ ಇರುತ್ತದೆ, ಪೂರ್ತಿ ಮಂಜುಗಡ್ಡೆಯ ಹರಳು. ಅದರಿಂದ ನೆಲಕ್ಕೆ ಒಂದು ಹನಿಯೂ ಬರುವುದಿಲ್ಲ.

ಎರಡನೆಯದು: ಉಂಡೆ ಎಷ್ಟು ದೊಡ್ಡದು? ಆಕಾಶದಲ್ಲಿ ಸಾಲಾಗಿ ಉಂಡೆ ಉಂಡೆ ಮೋಡ ಇದ್ದಾಗ ಕೈಯನ್ನು ನೇರ ಚಾಚಿ ಬೆರಳಿನಿಂದ ಅಳೆಯಬಹುದು. ಕಿರುಬೆರಳ ಅಗಲದೊಳಗೆ ಮುಚ್ಚಿಹೋಗುವಷ್ಟು ಸಣ್ಣದಿದ್ದರೆ ಸಿರೊಕ್ಯುಮುಲಸ್, ಎತ್ತರದ್ದು. ಕಿರುಬೆರಳಿಗಿಂತ ದೊಡ್ಡದು, ಮೂರು ಬೆರಳಿಗಿಂತ ಚಿಕ್ಕದು ಇದ್ದರೆ ಆಲ್ಟೊಕ್ಯುಮುಲಸ್, ನಡುಮಟ್ಟದ್ದು. ಮೂರು ಬೆರಳಿಗೂ ಮೀರಿದರೆ ಸ್ಟ್ರಾಟೊಕ್ಯುಮುಲಸ್, ಕೆಳಗಿನದು. ಕಿರುಬೆರಳು ಸುಮಾರು ಒಂದು ಡಿಗ್ರಿ, ಮೂರು ಬೆರಳು ಸುಮಾರು ಐದು ಡಿಗ್ರಿ. ಕೈ ಚಿಕ್ಕದಿದ್ದರೆ ತೋಳೂ ಚಿಕ್ಕದೇ ಇರುವುದರಿಂದ ಮಕ್ಕಳಿಗೂ ಈ ಅಳತೆ ಹೊಂದುತ್ತದೆ. ದಿಗಂತದ ಹತ್ತಿರದ ಮೋಡಕ್ಕೆ ಮಾತ್ರ ಇದನ್ನು ಹಚ್ಚಬೇಡಿ, ನೆಲದಿಂದ 30 ಡಿಗ್ರಿಗಿಂತ ಮೇಲಿರಬೇಕು.

ಮೂರನೆಯದೇ ಮುಖ್ಯ: ಬೆಳೆಯುತ್ತಿದೆಯೋ, ಕರಗುತ್ತಿದೆಯೋ? ಏಪ್ರಿಲ್–ಮೇ ತಿಂಗಳಲ್ಲಿ ಇದನ್ನು ತೋರಿಸುವುದು ಸುಲಭ. ಬೆಳಗ್ಗೆ ಆಕಾಶ ಖಾಲಿ. ಹನ್ನೊಂದು ಹನ್ನೆರಡಕ್ಕೆ ಚಪ್ಪಟೆ ತಳದ ಚಿಕ್ಕ ರಾಶಿ ಮೋಡ ಏಳುತ್ತವೆ. ಒಂದನ್ನು ಆರಿಸಿ ಹತ್ತು ನಿಮಿಷ ನೋಡಲು ಹೇಳಿ. ಎತ್ತರಕ್ಕಿಂತ ಅಗಲ ಜಾಸ್ತಿ ಇದ್ದರೆ ಏನೂ ಆಗುವುದಿಲ್ಲ. ಅಗಲಕ್ಕಿಂತ ಎತ್ತರ ಜಾಸ್ತಿಯಾಗಿ, ನೆತ್ತಿ ಹೂಕೋಸಿನ ಹಾಗೆ ಗಂಟುಗಂಟಾಗಿ, ಅಂಚು ಕತ್ತರಿಸಿದಷ್ಟು ಚೂಪಾಗಿ ಇದ್ದರೆ ಒಳಗೆ ಬಿಸಿಗಾಳಿ ಜೋರಾಗಿ ಏರುತ್ತಿದೆ. ಮೂರು ನಾಲ್ಕು ಗಂಟೆಯ ಹೊತ್ತಿಗೆ ಆ ಚೂಪು ಅಂಚು ಮಸುಕಾಗಿ, ನಾರುನಾರಾಗಿ, ನೆತ್ತಿ ಕಮ್ಮಾರನ ಅಡಿಗಲ್ಲಿನಂತೆ ಪಕ್ಕಕ್ಕೆ ಹರಡಿದರೆ ಮೇಲ್ಭಾಗ ಹಿಮವಾಯಿತು ಎಂದರ್ಥ. ಆಗ ಅದು ಕ್ಯುಮುಲೊನಿಂಬಸ್, ರಾಶಿವೃಷ್ಟಿ ಮೋಡ. ನಮ್ಮ ಸೀಮೆಯಲ್ಲಿ ಹದಿನೈದು ಕಿಲೋಮೀಟರ್ ಎತ್ತರಕ್ಕೂ ಏರುತ್ತದೆ. ಸಿಡಿಲು, ಆಲಿಕಲ್ಲು, ಬಿರುಗಾಳಿ ಮೂರೂ ಇದರ ಹೊಟ್ಟೆಯಲ್ಲೇ ಇರುತ್ತವೆ.

ಮಕ್ಕಳು ಲೆಕ್ಕ ಹಾಕಬಲ್ಲ ಇನ್ನೊಂದು ಸಂಗತಿ ಇದೆ. ರಾಶಿ ಮೋಡದ ತಳದ ಎತ್ತರ ಬೇಕೆಂದರೆ ಉಷ್ಣಾಂಶದಿಂದ ಇಬ್ಬನಿ ಬಿಂದುವನ್ನು (ಗಾಳಿಯ ಆವಿ ಹನಿಯಾಗಲು ಶುರುವಾಗುವ ಉಷ್ಣಾಂಶ) ಕಳೆದು 125ರಿಂದ ಗುಣಿಸಿದರೆ ಮೀಟರಿನಲ್ಲಿ ಸಿಗುತ್ತದೆ. ಏಪ್ರಿಲಿನ ಒಂದು ಮಧ್ಯಾಹ್ನ 40 ಡಿಗ್ರಿ ಇದ್ದು ಇಬ್ಬನಿ ಬಿಂದು 16 ಇದ್ದರೆ ತಳ 3,000 ಮೀಟರ್. ಜುಲೈಯಲ್ಲಿ 31 ಇದ್ದು ಇಬ್ಬನಿ ಬಿಂದು 22 ಇದ್ದರೆ ತಳ 1,125 ಮೀಟರ್. ಬೇಸಿಗೆಯಲ್ಲಿ ಮೋಡದಿಂದ ಜಡೆ ಇಳಿಬಿಟ್ಟಂತೆ ಮಳೆ ಕಾಣುತ್ತದೆ, ನೆಲ ಮುಟ್ಟುವುದಿಲ್ಲ. ಮೂರು ಕಿಲೋಮೀಟರ್ ಒಣಗಾಳಿಯಲ್ಲಿ ಬೀಳುತ್ತಾ ಹನಿ ಆವಿಯಾಗುತ್ತದೆ. ಆ ಜಡೆಗೆ ವಿರ್ಗಾ ಎನ್ನುತ್ತಾರೆ. ಆವಿಯಾದ ಹನಿ ಗಾಳಿಯನ್ನು ತಣ್ಣಗೆ ಮಾಡಿ ಕೆಳಕ್ಕೆ ದಬ್ಬುವುದರಿಂದ, ಮಳೆ ಬರದಿದ್ದರೂ ತಗಡು ಹಾರಿಸುವ ಗಾಳಿ ಬರಬಹುದು.

ಪ್ರಶ್ನೆ: ಚಂದ್ರನ ಸುತ್ತ ದೂರ ಕಟ್ಟು ಕಟ್ಟಿದ್ರ ಮಳಿ ಹತ್ತಿರ, ಹತ್ತಿರ ಕಟ್ಟಿದ್ರ ಮಳಿ ದೂರ ಅಂತಾರ ಹಿರಿಯರು. ಖರೇನ?
– ಓದುಗರು, ಸುರಪುರ

ಉತ್ತರ: ಹಿರಿಯರು ಎರಡು ಬೇರೆ ಬೇರೆ ಕಟ್ಟುಗಳನ್ನು ಬೇರೆ ಎಂದು ಗುರುತಿಸಿದ್ದು ಖರೆ. ದೂರದ ಕಟ್ಟು ಎತ್ತರದ ಸಿರೊಸ್ಟ್ರಾಟಸ್‌ನ ಹಿಮದ ಹರಳುಗಳಲ್ಲಿ ಬೆಳಕು ಬಾಗಿ ಆಗುವಂಥದ್ದು. ಚಂದ್ರನಿಂದ ಯಾವಾಗಲೂ 22 ಡಿಗ್ರಿ ದೂರದಲ್ಲೇ ಇರುತ್ತದೆ, ತೋಳು ಚಾಚಿ ಹಿಡಿದ ಗೇಣಿನಷ್ಟು. ಹತ್ತಿರದ ಬಣ್ಣದ ಬಟ್ಟಲು ತೆಳುವಾದ ಆಲ್ಟೊಕ್ಯುಮುಲಸ್‌ನ ನೀರಿನ ಕಣಗಳಿಂದ ಆಗುವಂಥದ್ದು. ಆದರೆ ಮಳೆಯ ಮಾತು ನಮ್ಮ ಕಡೆ ಅರ್ಧ ನಂಬಬೇಕು. ದೂರದ ಕಟ್ಟು ಕೊಲ್ಲಿಯ ಚಂಡಮಾರುತದ ಮೇಲ್ಮೋಡದಿಂದಲೂ ಆಗಬಹುದು, ಎಲ್ಲೋ ಸುರಿದು ಮುಗಿದ ಗುಡುಗು ಮೋಡದ ಉಳಿಕೆಯಿಂದಲೂ ಆಗಬಹುದು. ಮರುದಿನ ಮೋಡ ದಪ್ಪವಾಗುತ್ತಾ ಕೆಳಗಿಳಿದು, ಸೂರ್ಯ ಮಸುಕು ಗಾಜಿನ ಹಿಂದೆ ಇದ್ದಂತೆ ಕಂಡರೆ ಮಾತ್ರ ಮಳೆಯ ಲಕ್ಷಣ.

ಪ್ರಶ್ನೆ: ಮನ್ಯಾಗ ಮಳಿ ಅಳಿಯಾಕ ಬಕೆಟ್ ಇಟ್ಟಿದ್ದೆ. ಪಂಚಾಯತಿ ಲೆಕ್ಕಕ್ಕೂ ನನ್ನ ಲೆಕ್ಕಕ್ಕೂ ತಾಳೆ ಆಗವಲ್ದು.
– ರೈತರು, ಔರಾದ್

ಉತ್ತರ: ತಪ್ಪು ಬಕೆಟ್ಟಿನದು. ಅದರ ಬಾಯಿ ಅಗಲ, ತಳ ಸಣ್ಣ. ಬಾಯಿ 30 ಸೆಂ.ಮೀ., ತಳ 20 ಸೆಂ.ಮೀ. ಇರುವ ಬಕೆಟ್ಟಿಗೆ 10 ಮಿ.ಮೀ. ಮಳೆ ಬಿದ್ದರೆ 707 ಮಿ.ಲೀ. ಸೇರುತ್ತದೆ, ತಳದಲ್ಲಿ ಅದು ಸುಮಾರು ಎರಡು ಸೆಂ.ಮೀ. ಆಳ ನಿಲ್ಲುತ್ತದೆ. ಸ್ಕೇಲು ಇಟ್ಟರೆ ಎರಡು ಪಟ್ಟು ತೋರಿಸುತ್ತದೆ.

ಹೀಗೆ ಮಾಡಿ. 16 ಸೆಂ.ಮೀ. ಬಾಯಿಯ ಪ್ಲಾಸ್ಟಿಕ್ ಲಾಳಿಕೆ ತಂದು ಐದು ಲೀಟರಿನ ಕ್ಯಾನಿಗೆ ಬಿಗಿಯಾಗಿ ಕೂರಿಸಿ. ಆ ಬಾಯಿಯ ವಿಸ್ತೀರ್ಣ 201 ಚದರ ಸೆಂ.ಮೀ., ಹಾಗಾಗಿ ಪ್ರತಿ 20 ಮಿ.ಲೀ.ಗೆ ಒಂದು ಮಿ.ಮೀ. ಮಳೆ. ಔಷಧ ಅಂಗಡಿಯಲ್ಲಿ ಸಿಗುವ 20 ಮಿ.ಲೀ. ಸಿರಿಂಜಿನಲ್ಲಿ ಎಳೆದು ಎಣಿಸಿದರೆ ಸಾಕು. ಕ್ಯಾನು 250 ಮಿ.ಮೀ.ವರೆಗೆ ತುಂಬಿ ಚೆಲ್ಲದು. ಲಾಳಿಕೆಯ ಅಂಚು ಮಟ್ಟವಾಗಿರಲಿ, ನೆಲದಿಂದ 30 ಸೆಂ.ಮೀ. ಮೇಲಿರಲಿ. ಗೋಡೆ, ಬೇವಿನ ಗಿಡ ಎಷ್ಟು ಎತ್ತರ ಇವೆಯೋ ಅದರ ಎರಡು ಪಟ್ಟು ದೂರ ಇಡಿ. ಮಾಳಿಗೆ ಮೇಲೆ ಇಟ್ಟರೆ ಗಾಳಿ ಹನಿಯನ್ನು ಹಾರಿಸಿಕೊಂಡು ಹೋಗಿ ಕಮ್ಮಿ ತೋರಿಸುತ್ತದೆ. ಬಿಸಿಲಿಗೆ ಆವಿಯಾಗದಂತೆ ಕ್ಯಾನನ್ನು ಅರ್ಧ ಮಣ್ಣಲ್ಲಿ ಹೂಳಿ. ದಿನಾ ಬೆಳಗ್ಗೆ 8.30ಕ್ಕೆ ಅಳೆಯಿರಿ, ಮಳೆ ಇಲ್ಲದ ದಿನ ಸೊನ್ನೆ ಬರೆಯಿರಿ. ಖಾಲಿ ಬಿಟ್ಟರೆ ಅಂದು ಮಳೆ ಬರಲಿಲ್ಲವೋ, ನೀವು ನೋಡಲಿಲ್ಲವೋ ತಿಳಿಯುವುದಿಲ್ಲ.

ಇಷ್ಟಾದರೂ ಪಂಚಾಯತಿ ಲೆಕ್ಕಕ್ಕೆ ಪೂರ್ತಿ ಹೊಂದದೇ ಇರಬಹುದು, ಅದು ತಪ್ಪಲ್ಲ. ರಾಶಿವೃಷ್ಟಿ ಮೋಡದ ಮಳೆ ನಾಲ್ಕು ಕಿಲೋಮೀಟರಿನಲ್ಲಿ 40 ಮಿ.ಮೀ.ನಿಂದ ಸೊನ್ನೆಗೆ ಇಳಿದು ಬಿಡುತ್ತದೆ. ಆಲಿಕಲ್ಲು ಬಿದ್ದು ಅಥವಾ ಹೊಲದಲ್ಲಿ ನೀರು ನಿಂತು ವಿಮೆ ಮಾಡಿಸಿದ ಬೆಳೆ ಹಾಳಾದರೆ ನಿಮ್ಮ ಅಳತೆ ಸಾಕ್ಷಿಯಾಗುವುದಿಲ್ಲ. ಫಸಲ್ ಬಿಮಾ ನಿಯಮದಂತೆ 72 ತಾಸಿನೊಳಗೆ ದೂರು ಕೊಡುವುದೇ ಮುಖ್ಯ.

ಪ್ರಶ್ನೆ: ಮಿರ್ಗ ಹೊಕ್ಕ ದಿನ ಒಂದು ಮಳಿ ಬಿದ್ರ ಬಿತ್ತಬಹುದಾ?
– ಓದುಗರು, ಜೇವರ್ಗಿ

ಉತ್ತರ: ಒಂದೇ ಮಳೆಗೆ ಬಿತ್ತಬೇಡಿ. ಬೇಸಿಗೆಯಲ್ಲಿ ಒಣಗಿದ ಎರೆ ಹೊಲಕ್ಕೆ 10 ಮಿ.ಮೀ. ಮಳೆ ಬಿದ್ದರೆ ಬಿರುಕಿಗೆ ಇಳಿದದ್ದು ಬಿಟ್ಟು ಮೂರ್ನಾಲ್ಕು ಸೆಂ.ಮೀ. ಮಾತ್ರ ತೋಯುತ್ತದೆ. ಕೂರಿಗೆ ಬೀಜ ಇಡುವುದು ಐದು ಸೆಂ.ಮೀ. ಆಳಕ್ಕೆ. ಬೀಜ ಒಣಮಣ್ಣಿನಲ್ಲಿ ಬಿದ್ದಂತಾಯಿತು, ಇಲ್ಲವೇ ಅರ್ಧ ಹಸಿಗೆ ಮೊಳೆತು ಕೆಳಗೆ ಹಸಿ ಸಿಗದೆ ಸಾಯುತ್ತದೆ. ಸನಿಕೆಯಿಂದ ಒಂದು ಗೇಣು ಅಗೆದು ತಳದ ಮಣ್ಣು ಹಿಡಿಯಿರಿ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆಯಾಗಬೇಕು, ಎಸೆದರೆ ಒಡೆಯಬೇಕು, ಕೈಗೆ ಮೆತ್ತಬಾರದು. ಅದು ಹದ. ಉಂಡೆಯೇ ಆಗದಿದ್ದರೆ ಇನ್ನೊಂದು ಮಳೆಗೆ ಕಾಯಿರಿ. ಹೆಸರು, ಉದ್ದಿಗೆ ತಡವಾದರೆ ನಷ್ಟ, ತೊಗರಿಗೆ ಜುಲೈ ತನಕ ಕಾಯಲು ಬರುತ್ತದೆ.

ಪ್ರಶ್ನೆ: ಹಂಗಾದ್ರ ಮಳಿ ನಕ್ಷತ್ರಕ್ಕ ಬೆಲೆ ಇಲ್ಲೇನು?
– ಓದುಗರು, ಬಸವಕಲ್ಯಾಣ

ಉತ್ತರ: ಬೆಲೆ ಇದೆ, ಆದರೆ ಅದು ಪಂಚಾಂಗ, ಮುನ್ಸೂಚನೆಯಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ, ಮೃಗಶಿರ ಪ್ರತಿ ವರ್ಷ ಜೂನ್ 7–8ಕ್ಕೇ ಹೊಕ್ಕುತ್ತದೆ. ‘ಮಘೆ ಮಳೆ ಬಂದಷ್ಟು ಒಳ್ಳೇದು, ಮನೆ ಮಗ ಉಂಡಷ್ಟು ಒಳ್ಳೇದು’ ಎಂಬ ಗಾದೆ ಆಗಸ್ಟ್ ಎರಡನೇ ಅರ್ಧದ ಮಳೆ ಬೆಳೆಗೆ ಎಷ್ಟು ಬೇಕು ಎಂದು ಹೇಳುತ್ತದೆ. ಈ ವರ್ಷ ಆ ಮಳೆ ಬರುತ್ತದೆ ಎಂದು ಹೇಳುವುದಿಲ್ಲ.

ಪ್ರಶ್ನೆ: ತೊಗರಿ ಹೂವಿಗೆ ಬಂದಾಗ ಮೋಡ ಮುಸುಕಿದ್ರ ಕೀಡಿ ಜಾಸ್ತಿ ಆಗ್ತದ. ಔಷಧ ಯಾವಾಗ ಹೊಡೀಬೇಕು?
– ಓದುಗರು, ಚಿಂಚೋಳಿ

ಉತ್ತರ: ಯಾವ ಔಷಧ ಎಂಬುದನ್ನು ಕೃಷಿ ವಿಜ್ಞಾನ ಕೇಂದ್ರದವರಿಗೆ ಬಿಡೋಣ, ಹೊತ್ತಿನ ಮಾತು ಹೇಳುತ್ತೇವೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಇಬ್ಬನಿಯ ಎಲೆಗೆ ಹೊಡೆದರೆ ದ್ರಾವಣ ತೆಳುವಾಗಿ ಜಾರಿ ಬೀಳುತ್ತದೆ. ಹೊಲದ ಬದಿಯ ಹೊಗೆ ಮೇಲೇರದೆ ಚಾಪೆ ಹಾಸಿದಂತೆ ನೆಲದ ಮೇಲೆ ನಿಂತಿದ್ದರೆ ಸಿಂಪಡಣೆ ಬೇಡ. ಮೇಲೆ ಬಿಸಿಗಾಳಿ, ಕೆಳಗೆ ತಂಪುಗಾಳಿ ಇದ್ದು ಸಣ್ಣ ಹನಿಗಳು ಇಳಿಯದೆ ಪಕ್ಕದ ಹೊಲಕ್ಕೆ ತೇಲಿ ಹೋಗುತ್ತವೆ. ಎಲೆ, ಸಣ್ಣ ಟೊಂಗೆ ಬಿಡದೆ ಅಲ್ಲಾಡುತ್ತಿದ್ದರೆ ಗಾಳಿ ತಾಸಿಗೆ 12ರಿಂದ 19 ಕಿ.ಮೀ., ಅಲ್ಲಿಗೆ ನಿಲ್ಲಿಸಿ. ಧೂಳು, ಕಾಗದ ಏಳುತ್ತಿದ್ದರೆ 20 ದಾಟಿದೆ. ಮುನ್ಸೂಚನೆಯಲ್ಲಿ ‘ಹಗುರ ಮಳೆ, ಹಲವು ಕಡೆ’ ಎಂದಿದ್ದರೆ ಆ ದಿನ ಕೈಬಿಡಿ, ಹಗುರ ಎಂದರೂ 15 ಮಿ.ಮೀ. ಆಗಬಹುದು, ಎಲೆ ತೊಳೆದು ಹೋಗುತ್ತದೆ. ಹೊಡೆದ ಮೇಲೆ ಎಷ್ಟು ತಾಸು ಮಳೆ ಬೀಳಬಾರದು ಎಂಬುದು ಡಬ್ಬಿಯ ಮೇಲೆ ಬರೆದಿರುತ್ತದೆ, ಓದಿಯೇ ಹೊಡೆಯಿರಿ.

ಪ್ರಶ್ನೆ: ಕುರಿ ಕಾಯುವವರು ನಾವು. ಸಿಡಿಲು ಬಡಿಯುವಾಗ ಬಯಲಾಗ ಎಲ್ಲಿ ನಿಲ್ಲಬೇಕು?
– ಕುರಿಗಾರರ ಮನೆಯವರು, ಶಹಾಪುರ

ಉತ್ತರ: ಬಯಲಲ್ಲಿ ನಿಲ್ಲಲು ಒಳ್ಳೆಯ ಜಾಗ ಇಲ್ಲ, ಮೊದಲೇ ಹೊರಡುವುದೇ ಉಪಾಯ. ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಬರುತ್ತದೆ. ಮೂವತ್ತು ಎಣಿಸುವ ಮೊದಲೇ ಗುಡುಗಿದರೆ ಮೋಡ ಹತ್ತು ಕಿಲೋಮೀಟರಿನ ಒಳಗಿದೆ, ಮುಂದಿನ ಸಿಡಿಲು ನಿಮ್ಮ ಮೇಲೇ ಬೀಳಬಹುದು. ಪಕ್ಕಾ ಕಟ್ಟಡಕ್ಕೆ ಹೋಗಿ, ಅಥವಾ ಕಬ್ಬಿಣದ ಛಾವಣಿಯ ಜೀಪು, ಲಾರಿಯೊಳಗೆ ಗಾಜು ಏರಿಸಿ ಕೂಡಿ. ಕೊನೆಯ ಗುಡುಗು ಕೇಳಿ ಅರ್ಧ ತಾಸು ಆಗುವವರೆಗೆ ಹೊರಗೆ ಬರಬೇಡಿ. ಮಳೆ ನಿಂತಿತೆಂದು ಬೇಗ ಹೊರಟವರಿಗೇ ಅಪಾಯ ಹೆಚ್ಚು.

ಕುರಿ ಹಿಂಡನ್ನು ಆಲ, ಬೇವಿನ ಕೆಳಗೆ ಕೂಡಿಹಾಕಬೇಡಿ. ಗಿಡಕ್ಕೆ ಬಡಿದ ಸಿಡಿಲು ಬೇರಿನ ಸುತ್ತ ನೆಲದಲ್ಲಿ ಹರಡುತ್ತದೆ. ಮುಂಗಾಲು ಒಂದು ಕಡೆ, ಹಿಂಗಾಲು ಇನ್ನೊಂದು ಕಡೆ ಇರುವ ಜೀವಕ್ಕೆ ಆ ವಿದ್ಯುತ್ತು ಎದೆ ಹಾಯ್ದು ಹೋಗುತ್ತದೆ. ಇಡೀ ಹಿಂಡು ಒಮ್ಮೆಲೇ ಸಾಯುವುದು ಇದರಿಂದಲೇ. ತಂತಿ ಬೇಲಿ, ಪಂಪ್‌ಸೆಟ್ ಸ್ಟಾರ್ಟರ್, ಬೋರ್‌ವೆಲ್ ಪೈಪು ಮುಟ್ಟಬೇಡಿ. ಏನೂ ಸಿಗದಿದ್ದರೆ ತಗ್ಗಿನಲ್ಲಿ, ಒಬ್ಬರಿಂದೊಬ್ಬರು ದೂರವಾಗಿ, ಎರಡು ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂಡಿ, ಮಲಗಬೇಡಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ, ಮುಟ್ಟಬಹುದು. ಉಸಿರು, ನಾಡಿ ನಿಂತಿದ್ದರೆ ಕೂಡಲೇ ಎದೆ ಒತ್ತಲು ಶುರು ಮಾಡಿ 108ಕ್ಕೆ ಕರೆ ಮಾಡಿಸಿ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ ಫೋನಿನಲ್ಲಿ ಇರಲಿ, ಹತ್ತಿರ ಸಿಡಿಲು ಬೀಳುತ್ತಿದ್ದರೆ ಎಚ್ಚರಿಸುತ್ತದೆ.

ಪ್ರಶ್ನೆ: ಮೇ ತಿಂಗಳಾಗ ಸುದ್ದಿಯೊಳಗ 42 ಡಿಗ್ರಿ ಅಂತಾರ, ನಮ್ಮ ಅಂಗಡಿ ಮುಂದಿನ ಥರ್ಮಾಮೀಟರ್ 48 ತೋರಿಸ್ತದ. ಯಾವುದು ಖರೆ?
– ವ್ಯಾಪಾರಿ, ಕಲಬುರಗಿ

ಉತ್ತರ: ಎರಡೂ ತಮ್ಮ ತಮ್ಮ ಜಾಗಕ್ಕೆ ಖರೆ. ಇಲಾಖೆಯವರು ಅಳೆಯುವುದು ನೆರಳಿನ ಗಾಳಿಯನ್ನು: ಬಿಳಿ ಬಣ್ಣದ, ಪಟ್ಟಿಪಟ್ಟಿ ಬಾಗಿಲಿನ ಸ್ಟೀವನ್‌ಸನ್ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ಸವಾ ಮೀಟರ್ ಮೇಲೆ. ನಿಮ್ಮದು ಬಿಸಿಲಿಗೆ ಕಾದ ಗೋಡೆ, ಡಾಂಬರು ರಸ್ತೆಯ ತಾಪವನ್ನೂ ಸೇರಿಸಿಕೊಂಡು ತೋರಿಸುತ್ತದೆ. ಬಯಲು ಸೀಮೆಯಲ್ಲಿ 40 ದಾಟಿ, ಆ ಕಾಲದ ವಾಡಿಕೆಗಿಂತ 4.5 ಡಿಗ್ರಿ ಜಾಸ್ತಿಯಾದರೆ ಬಿಸಿಗಾಳಿ ಎಂದು ಸಾರುತ್ತಾರೆ, 45 ಮುಟ್ಟಿದರೆ ವಾಡಿಕೆ ಕೇಳದೆಯೇ ಸಾರುತ್ತಾರೆ.

ಪ್ರಶ್ನೆ: ರಾಡಾರ್ ಚಿತ್ರದಾಗ ನಮ್ಮ ಮ್ಯಾಲ ಏನೂ ಇಲ್ಲ, ಹೊರಗ ಮಾತ್ರ ಮಳಿ ಹನಿತದ. ಬೇಸಿಗ್ಯಾಗ ಉಲ್ಟಾ. ರಾಡಾರ್ ಕೆಟ್ಟದ ಏನ್ರಿ?
– ಕಾಲೇಜು ವಿದ್ಯಾರ್ಥಿ, ಕಲಬುರಗಿ

ಉತ್ತರ: ಕೆಟ್ಟಿಲ್ಲ, ದೂರದಲ್ಲಿದೆ. ನೀವು ನೋಡುವ ಚಿತ್ರ ಹೈದರಾಬಾದಿನ ಡಾಪ್ಲರ್ ರಾಡಾರಿನದಾದರೆ ಅದು ಬೀದರಿಗೆ ಸುಮಾರು 110 ಕಿ.ಮೀ., ಕಲಬುರಗಿಗೆ ಸುಮಾರು 175 ಕಿ.ಮೀ. ರಾಡಾರಿನ ಕಿರಣ ನೆಲಕ್ಕಿಂತ ಅರ್ಧ ಡಿಗ್ರಿ ಮೇಲಕ್ಕೆ ಮುಖ ಮಾಡಿ ಹೊರಟರೂ ಭೂಮಿ ಗುಂಡಗಿರುವುದರಿಂದ ದೂರ ಹೋದಂತೆ ನೆಲ ಕೆಳಗೆ ಜಾರುತ್ತದೆ. ಬೀದರ್ ತಲುಪುವ ಹೊತ್ತಿಗೆ ಕಿರಣ ಒಂದೂವರೆಯಿಂದ ಎರಡು ಕಿಲೋಮೀಟರ್ ಎತ್ತರದಲ್ಲಿರುತ್ತದೆ, ಕಲಬುರಗಿಯ ಮೇಲೆ ಮೂರೂವರೆ ಕಿಲೋಮೀಟರಿನ ಹತ್ತಿರ.

ಜುಲೈಯ ತೆಳುಮೋಡದ ನೆತ್ತಿ ಮೂರು ಕಿಲೋಮೀಟರ್ ದಾಟುವುದಿಲ್ಲ ಎಂದು ಆಳಂದದವರಿಗೆ ಹೇಳಿದೆವಲ್ಲ, ಆ ಮೋಡ ಪೂರ್ತಿ ಕಿರಣದ ಕೆಳಗೇ ಉಳಿಯುತ್ತದೆ. ಹನಿ ಬೀಳುತ್ತದೆ, ಪರದೆ ಖಾಲಿ. ಏಪ್ರಿಲಿನಲ್ಲಿ ಹನಿಗಳು ಕಿರಣದ ಎತ್ತರದಲ್ಲಿ ಇರುವುದು ಖರೆ, ರಾಡಾರ್ ಅವನ್ನು ಕಂಡು ಹಸಿರು, ಹಳದಿ ತೋರಿಸುತ್ತದೆ. ನೆಲ ಮುಟ್ಟುವ ಮೊದಲೇ ಅವು ಆರಿ ಹೋಗುತ್ತವೆ. ಆದ್ದರಿಂದ ಬೇಸಿಗೆಯಲ್ಲಿ ಹಸಿರು, ಹಳದಿಯನ್ನು ಅಷ್ಟಾಗಿ ಲೆಕ್ಕಿಸಬೇಡಿ. 50 ಡಿಬಿಜೆಡ್ (ಹನಿಗಳಿಗೆ ಬಡಿದು ರಾಡಾರಿಗೆ ಮರಳುವ ಅಲೆಯ ಬಲದ ಅಳತೆ) ಮೀರಿದ ಕೆಂಪು ಚುಕ್ಕೆ ಕಂಡರೆ ಜೋರು ಮಳೆ, ಆಲಿಕಲ್ಲು ಎರಡಕ್ಕೂ ತಯಾರಾಗಿ. ಹಿಂದಿನ ನಾಲ್ಕು ಚಿತ್ರ ತೆಗೆದು ಚುಕ್ಕೆ ಯಾವ ಕಡೆ, ಅರ್ಧ ತಾಸಿನಲ್ಲಿ ಎಷ್ಟು ಕಿಲೋಮೀಟರ್ ಸರಿದಿದೆ ನೋಡಿ. ಸೇಡಂ ಮೇಲಿನ ಚುಕ್ಕೆ ಅರ್ಧ ತಾಸಿಗೆ 15 ಕಿ.ಮೀ. ಪಶ್ಚಿಮಕ್ಕೆ ಬರುತ್ತಿದ್ದರೆ ಚಿತ್ತಾಪುರದವರಿಗೆ ತಾಡಪತ್ರಿ ಹೊದಿಸಲು ಸುಮಾರು ಮುಕ್ಕಾಲು ತಾಸು ಇದೆ.